ಕಾಡಿನಲ್ಲಿ ಏನು ಕೆಲಸ?

ಮದುವೆ ಮನೆಗಳಲ್ಲಿ ನನಗೆ ಎರಡು ಥರದ ಜನ ಸಿಗುತ್ತಾರೆ. ನಮ್ಮ ಹುಣಸೂರು ಕಡೆಯ ದೊಡ್ಡಮ್ಮಂದಿರು ಪಕ್ಕದಲ್ಲಿ ಕೂರಿಸಿಕೊಂಡು, "ಕಾಡಲ್ಲಿ ಏನವ್ವಾ ಕೆಲ್ಸ ನಿಂಗೆ?" ಅಂತ ಕೇಳುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರು ಕೇಳುವುದಿಲ್ಲ, ಅವರೇ ಹೇಳಿಬಿಡುತ್ತಾರೆ. "ಪುಣ್ಯ ಮಾಡಿದ್ದೆ ಕಣೆ. ಟ್ರಾಫಿಕ್ ಇಲ್ಲ, ಮೀಟಿಂಗ್ ಇಲ್ಲ, ಬರೀ ನೆಮ್ಮದಿ." ಮೊದಮೊದಲು ಬೆಂಗಳೂರಿನವರ ಮಾತು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ದೊಡ್ಡಮ್ಮಂದಿರ ಪ್ರಶ್ನೆಯೇ ಸರಿ ಅನಿಸುತ್ತದೆ. ನೆಮ್ಮದಿ ಹುಡುಕಿಕೊಂಡು ನಮ್ಮ ತಂಡಕ್ಕೆ ಬಂದವರು ಯಾರೂ ಹೆಚ್ಚು ದಿನ ನಿಲ್ಲಲಿಲ್ಲ. ಮಾಡೋದಕ್ಕೆ ಕೆಲಸ ಇದ್ದವರು ನಿಂತರು. ಅವರಲ್ಲಿ ಕೆಲವರು ಖುಷಿಯಾಗಿಯೂ ಇದ್ದರು.

ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಹುಲಿ ಅಧ್ಯಯನದ ತಂಡವೊಂದಕ್ಕೆ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದೆ. ಈ ಕಡೆ ನಾಗರಹೊಳೆ, ಆ ಕಡೆ ಬಂಡೀಪುರ, ನಡುವೆ ಕಬಿನಿ ಹಿನ್ನೀರು. ನಮ್ಮೂರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಆದರೂ ಚಿಕ್ಕವಳಿದ್ದಾಗ ಕಾಡು ಅಂದರೆ ನಮಗೆ ಆನೆ ಬರುವ ದಿಕ್ಕು, ಅಷ್ಟೇ. ರಾಗಿ ತೆನೆ ಕಟ್ಟಿದ ಮೇಲೆ ಅಪ್ಪ ಅಟ್ಟಣೆ ಮೇಲೆ ಕೂತು ಪಟಾಕಿ ಹೊಡೆಯುತ್ತಿದ್ದರು. ಮಗಳು ಆ ದಿಕ್ಕಿಗೇ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಅವರ ಮುಖ ನೋಡಬೇಕಿತ್ತು.

ಕೆಲಸ ಏನು ಅಂತ ಹೇಳಬೇಕಾದರೆ ಕ್ಯಾಮೆರಾ ಕಟ್ಟುವುದರಿಂದಲೇ ಶುರು ಮಾಡಬೇಕು, ಎದುರು ಪ್ರಾಣಿ ಹಾದರೆ ತಾನಾಗಿ ಫೋಟೋ ತೆಗೆಯುವಂಥದ್ದು. ಹುಲಿ ಪೊದೆ ನುಗ್ಗಿ ನಡೆಯುವುದಕ್ಕಿಂತ ದಾರಿ ಹಿಡಿದು ನಡೆಯುವುದೇ ಹೆಚ್ಚು. ಜೀಪ್ ರಸ್ತೆಯಾದರೂ ಸರಿ, ಬೆಂಕಿ ಹರಡದಂತೆ ಸವರಿದ ಬೆಂಕಿ ರೇಖೆಯಾದರೂ ಸರಿ, ಕಾಲಿಗೆ ಮುಳ್ಳು ಚುಚ್ಚದ ಜಾಗ ಅದಕ್ಕೂ ಇಷ್ಟ. ಹೆಜ್ಜೆ, ಮಲ, ನೆಲ ಕೆರೆದ ಗುರುತು ಎಲ್ಲ ನೋಡಿ ಒಂದು ಜಾಗ ಆರಿಸುತ್ತೇವೆ. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಹೆಚ್ಚುಕಮ್ಮಿ ಮೊಣಕಾಲೆತ್ತರಕ್ಕೆ. ಎರಡು ಯಾಕೆ ಅಂದರೆ, ಯಾವ ಹುಲಿ ಅಂತ ಗುರುತು ಹಿಡಿಯುವುದು ಅದರ ಪಟ್ಟೆಯಿಂದ, ಆದರೆ ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿನಲ್ಲಿ ಇರುವುದಿಲ್ಲ. ಒಂದು ದಿನ ಎಡ ಮಗ್ಗುಲು, ಇನ್ನೊಂದು ದಿನ ಬಲ ಮಗ್ಗುಲು ಸಿಕ್ಕರೆ ಅದು ಒಂದೇ ಹುಲಿಯೋ ಎರಡೋ ಹೇಳುವಂತಿಲ್ಲ. ಇನ್ನು, ಕ್ಯಾಮೆರಾಗಳನ್ನು ನೇರ ಎದುರುಬದುರು ಇಡುವಂತಿಲ್ಲ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಸ್ವಲ್ಪ ಓರೆಯಾಗಿ ಕಟ್ಟಬೇಕು.

ಆಮೇಲೆ ಮುಂದಿನ ಹುಲ್ಲು, ಕಡ್ಡಿ ಎಲ್ಲ ಸವರಬೇಕು. ಒಂದು ಎಲೆ ಬಿಟ್ಟರೂ ಗಾಳಿಗೆ ಅದು ಆಡಿ ಆಡಿ ಕಾರ್ಡ್ ತುಂಬ ಎಲೆಯ ಫೋಟೋ. ಇಷ್ಟೆಲ್ಲ ಆದ ಮೇಲೆ ಪರೀಕ್ಷೆ. ಕ್ಯಾಮೆರಾ ಮುಂದೆ ಯಾರಾದರೂ ನಾಲ್ಕು ಕಾಲಿನಲ್ಲಿ ನಡೆದು ತೋರಿಸಬೇಕು. ನಿಂತು ನಡೆದರೆ ಆಗಲ್ಲ, ಹುಲಿಯ ಎತ್ತರಕ್ಕೆ ಬಗ್ಗಲೇಬೇಕು. "ಇವತ್ತು ಹುಲಿ ಯಾರು?" ಅಂತ ಕೇಳಿದ ತಕ್ಷಣ ಹಿರಿಯರೆಲ್ಲ ಬೀಡಿ ಹಚ್ಚುವುದಕ್ಕೆ ಅತ್ತ ತಿರುಗುತ್ತಾರೆ. ಹೊಸಬಳಾದ ನಾನೇ ಮಂಡಿ, ಅಂಗೈ ಊರಿ ಹೋಗಬೇಕು. ಬಿಸಿಲಿಗೆ ಕಾದ ಜಲ್ಲಿ, ಒಣಗಿದ ಲದ್ದಿ, ಪ್ಯಾಂಟಿಗೆ ಅಂಟುವ ಮುಳ್ಳುಕಾಯಿ. ಕ್ಲಿಕ್ ಅಂದರೆ ಗೆದ್ದ ಹಾಗೆ. ಅನ್ನದಿದ್ದರೆ ಇನ್ನೊಂದು ಸಲ. ಯಾವುದೋ ಹಾರ್ಡ್ ಡಿಸ್ಕಿನಲ್ಲಿ ನಾನು ಹುಲಿಯಾಗಿ ನಡೆಯುವ ಫೋಟೋಗಳು ಇವತ್ತಿಗೂ ಇವೆ. ದಯವಿಟ್ಟು ಯಾರೂ ಹುಡುಕಬೇಡಿ.

ಕಟ್ಟಿ ಬಂದರೆ ಮುಗಿಯಲಿಲ್ಲ. ಮತ್ತೆ ಹೋಗಿ ಬ್ಯಾಟರಿ ನೋಡಬೇಕು, ಕಾರ್ಡ್ ಬದಲಿಸಬೇಕು. ಆನೆಗಳಿಗೆ ಈ ಡಬ್ಬ ಕಂಡರೆ ಅದೇನು ಸಿಟ್ಟೋ, ಕಬ್ಬಿಣದ ಕವಚ ಹಾಕಿದರೂ ಕಿತ್ತು ಎಸೆದಿರುತ್ತವೆ. ಮುಸುವಗಳು ಲೆನ್ಸಿಗೆ ಮುಖ ಇಟ್ಟು ಇಣುಕಿರುತ್ತವೆ. ಕೆಲವು ಸಲ ಡಬ್ಬ ಬಿಚ್ಚಿದರೆ ಒಳಗೆ ಇರುವೆ ಗೂಡು. ಕಾರ್ಡ್ ತಂದು ಕ್ಯಾಂಪಿನಲ್ಲಿ ತೆರೆದರೆ ಜಿಂಕೆ, ಜಿಂಕೆ, ಇಲಾಖೆಯ ಜೀಪು, ಮತ್ತೆ ಜಿಂಕೆ, ಯಾರದೋ ಕಾಲು, ಕಾಡುಹಂದಿ. ಕಣ್ಣು ಮಂಜಾಗುವ ಹೊತ್ತಿಗೆ ಒಂದು ಹೆಣ್ಣು ಹುಲಿ, ಹಿಂದೆ ಮೂರು ಮರಿ. ಒಂದು ಮರಿ ಮಾತ್ರ ಕ್ಯಾಮೆರಾ ಕಡೆ ತಿರುಗಿ ನೋಡಿದೆ. ಆಗ ಮನೆಯವರನ್ನೆಲ್ಲ ಕರೆಯುವ ಹಾಗೆ ಅಡುಗೆ ಮಾಡುತ್ತಿದ್ದವರನ್ನೂ ಕೂಗಿ ಕರೆಯುತ್ತೇನೆ. ಸಾರು ಸೀದರೂ ಪರವಾಗಿಲ್ಲ.

ಹಿಂದೆ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಆ ಲೆಕ್ಕ ನಂಬುವ ಹಾಗಿರಲಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಕ್ಯಾಮೆರಾ ಮತ್ತು ಪಟ್ಟೆಯ ಲೆಕ್ಕ ಬೆಳೆಸಿದರು. ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅನ್ನೋದು ನನಗೆ ಯಾವಾಗಲೂ ಸಮಾಧಾನ ಕೊಡುವ ಸಂಗತಿ. 2006ರ ದೇಶದ ಅಂದಾಜಿನಲ್ಲಿ ಸಿಕ್ಕ ಹುಲಿಗಳು 1,411. 2022ರ ಅಂದಾಜಿನಲ್ಲಿ 3,682. ಅದರಲ್ಲಿ ಕರ್ನಾಟಕದ್ದು 563. ಪೇಪರಿನಲ್ಲಿ ಈ ಸಂಖ್ಯೆ ದಪ್ಪಕ್ಷರದಲ್ಲಿ ಬಂದಾಗ ನನಗೆ ನೆನಪಾಗುವುದು ಇರುವೆ ಗೂಡು ಮತ್ತು ಮಂಡಿಯ ತರಚು ಗಾಯ.

ನಾವು ಹುಲಿಗೆ ಹೆಸರಿಡುವುದಿಲ್ಲ, ನಂಬರ್ ಕೊಡುತ್ತೇವೆ. ಸಫಾರಿಯವರಿಗೆ ಇದು ಬೇಜಾರು. ಆದರೆ ಬಿಪಿಟಿ-241ರ ಕಥೆ ಕೇಳಿ. ಇದು ನಾನು ಸೇರುವುದಕ್ಕೂ ಮುಂಚಿನದು, ಹೊಸಬರಿಗೆ ಹಿರಿಯರು ತಪ್ಪದೆ ಹೇಳುವಂಥದ್ದು. ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಒಂದು ಎಳೇ ಗಂಡು ಹುಲಿ. ಫೋಟೋ ತೆಗೆದರು, ನಂಬರ್ ಕೊಟ್ಟರು, ಕಡತಕ್ಕೆ ಸೇರಿಸಿದರು. 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹತ್ತಿರ ಒಂದು ಹುಲಿ ಊರಿಗೆ ಬಂದು ಸೆರೆಯಾಯಿತು. ಅದರ ಪಟ್ಟೆಯನ್ನು ಹಳೇ ಫೋಟೋಗಳ ಜೊತೆ ಹೋಲಿಸಿದರೆ ಅದೇ ಹುಲಿ. ಸುಮಾರು 280 ಕಿಲೋಮೀಟರ್ ನಡೆದು ಬಂದಿತ್ತು. ಹೊಲ, ಹೆದ್ದಾರಿ, ಕಾಫಿ ತೋಟ, ಊರು ಏನೇನು ದಾಟಿತೋ. ಯಾರೋ ಒಬ್ಬರು ಬಂಡೀಪುರದಲ್ಲಿ ಎಲೆ ಸವರಿ ಎರಡು ಕ್ಯಾಮೆರಾ ಓರೆಯಾಗಿ ಕಟ್ಟಿದ್ದರಲ್ಲ, ಆ ದಿನ ಅವರಿಗೆ ಇದು ಗೊತ್ತಿತ್ತಾ? ಇಲ್ಲ. ಅವರಿಗೆ ಅವತ್ತು ಬಹುಶಃ ಸೊಂಟ ನೋಯುತ್ತಿತ್ತು. ನನ್ನ ಕೆಲಸಕ್ಕೆ ಅರ್ಥ ಇದೆಯಾ ಅಂತ ಅನುಮಾನ ಬಂದಾಗೆಲ್ಲ ನಾನು ಆ ಸೊಂಟನೋವಿನ ಮನುಷ್ಯನನ್ನು ನೆನೆಸಿಕೊಳ್ಳುತ್ತೇನೆ.

ಇನ್ನೊಂದು ಕೆಲಸ ಲೈನ್ ನಡೆಯುವುದು. ಕಾಡಿನೊಳಗೆ ನೇರವಾಗಿ ಒಂದು ಗೆರೆ ಸವರಿರುತ್ತಾರೆ, ಮೂರು ಕಿಲೋಮೀಟರಿನ ಆಸುಪಾಸು. ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಆ ಗೆರೆ ಮೇಲೆ ಸದ್ದಿಲ್ಲದೆ ನಡೆಯಬೇಕು. ಜಿಂಕೆ, ಕಡವೆ, ಕಾಟಿ, ಕಾಡುಕುರಿ, ಮುಸುವ ಕಂಡರೆ ಎಷ್ಟಿವೆ, ಎಷ್ಟು ದೂರ, ಯಾವ ಕೋನ ಬರೆದುಕೊಳ್ಳಬೇಕು. ಗೆರೆಯ ಪಕ್ಕದಲ್ಲೇ ನಿಂತದ್ದು ನಮ್ಮ ಕಣ್ಣು ತಪ್ಪುವುದಿಲ್ಲ. ದೂರ ಹೋದ ಹಾಗೆ ತಪ್ಪುತ್ತಾ ಹೋಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಕಮ್ಮಿಯಾಯಿತು ಅನ್ನೋದರಿಂದ ಕಾಣದೇ ಉಳಿದದ್ದು ಎಷ್ಟು ಅಂತ ಲೆಕ್ಕ ಹಾಕಬಹುದು. ಹುಲಿ ತಂಡದವರಿಗೆ ಜಿಂಕೆ ಲೆಕ್ಕ ಯಾಕೆ ಅಂತ ಕೇಳುವವರಿದ್ದಾರೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಆ 50 ಹೋದರೂ ಸಂಖ್ಯೆ ಕರಗಬಾರದು ಅಂದರೆ ಸುತ್ತ 500ರಷ್ಟಾದರೂ ಇರಬೇಕು. ಹುಲಿ ಉಳಿಯುತ್ತದೋ ಇಲ್ಲವೋ ಜಿಂಕೆಯೇ ಹೇಳುತ್ತದೆ.

ಅದೇ ಗೆರೆ, ಮತ್ತೆ ಮತ್ತೆ. ಬೇಜಾರಾಗಲ್ವಾ? ಆಗುತ್ತದೆ. ಒಂದು ಹಂತದವರೆಗೆ ಚೆನ್ನಾಗಿಯೇ ಆಗುತ್ತದೆ. ಮೊದಲನೇ ಸಲ ಎಲ್ಲ ಬರೀ ಹಸಿರು, ಯಾವುದೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಡೆಯುತ್ತಾ ನಡೆಯುತ್ತಾ ಹಸಿರು ಬಿಡಿ ಬಿಡಿಯಾಗುತ್ತದೆ. ಇದು ಮತ್ತಿ, ಇದು ದಿಂಡಿಗ, ಇದು ಬೀಟೆ. ಈ ಮರದ ಸಿಪ್ಪೆಗೆ ಆನೆ ಮೈ ಉಜ್ಜುತ್ತದೆ, ಕೆಸರು ನನ್ನ ತಲೆಗಿಂತ ಮೇಲೆ ಅಂಟಿದೆ. ಈ ತಿರುವಿನಲ್ಲಿ ಯಾವಾಗಲೂ ಕಾಡುಕೋಳಿ ಇರುತ್ತಿತ್ತು, ಇವತ್ತಿಲ್ಲ. ಯಾಕಿಲ್ಲ? ಇಲ್ಲದ್ದು ಕಾಣೋದಕ್ಕೆ ಶುರುವಾದ ಮೇಲೆ ಬೇಜಾರು ತಾನಾಗಿ ಹೋಯಿತು. ಕಾಡು ನನ್ನನ್ನು ಬದಲಾಯಿಸಿತು ಅಂತೆಲ್ಲ ದೊಡ್ಡದಾಗಿ ಹೇಳುವುದಕ್ಕೆ ನನಗೆ ಸಂಕೋಚ. ನಡಿಗೆ ನಿಧಾನವಾಯಿತು, ಅಷ್ಟಂತೂ ನಿಜ.

ನನ್ನ ಜೊತೆ ಲೈನ್ ನಡೆಯುತ್ತಿದ್ದವರು ಜೇನುಕುರುಬರ ಒಬ್ಬ ಹಿರಿಯ ವಾಚರ್, ಅಂದರೆ ಕಾಡು ಕಾಯುವವರು. ನಾನು ಅಣ್ಣ ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ಲಂಟಾನದ ಪೊದೆಗಳ ನಡುವೆ ಹೋಗುವಾಗ ಅವರು ಇದ್ದಕ್ಕಿದ್ದಂತೆ ನಿಂತರು. ಕೈ ಹಿಂದಕ್ಕೆ ಚಾಚಿ ನನ್ನನ್ನೂ ನಿಲ್ಲಿಸಿದರು. ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಿಟ್ಟು ಗಾಳಿ ನೋಡಿದರು.

"ಒಬ್ನೆ ಅವ್ನೆ ಮೇಡಂ. ಬಲ್ಗಡೆ."

ನನಗೆ ಕಂಡಿದ್ದು ಲಂಟಾನ, ಅದರ ಹಿಂದೆ ಇನ್ನಷ್ಟು ಲಂಟಾನ. "ಎಲ್ಲಣ್ಣ?" ಅಂತ ಪಿಸುಗುಟ್ಟಿದೆ.

"ವಾಸ್ನೆ ಬರ್ಲಿಲ್ವಾ?"

ಬರಲಿಲ್ಲ. ಆದರೆ ಆ ಹೊತ್ತಿಗೆ ಕಿವಿ ಬಡಿದ ಸದ್ದು ಕೇಳಿತು, ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದೆ ಬಂದೆವು. ಸಾಕಷ್ಟು ದೂರ ಬಂದ ಮೇಲೆ ಅವರು ಕೂತು ಎಲೆ ಅಡಿಕೆ ಹಾಕಿಕೊಂಡರು, ನಾನು ಹಾಳೆಯಲ್ಲಿ "ಆನೆ, ಲೈನ್ ಅರ್ಧಕ್ಕೆ ನಿಲ್ಲಿಸಿದೆ" ಅಂತ ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಗಾಗಿತ್ತು. ಈಗ ನನಗೂ ಆ ವಾಸನೆ ಗೊತ್ತಾಗುತ್ತದೆ, ಹುಳಿ ಬಂದ ಹುಲ್ಲಿನ ಥರ. ಆದರೆ ಅವರಿಗೆ ಗೊತ್ತಾದ ಎಷ್ಟೋ ಹೊತ್ತಿನ ಮೇಲೆ.

ಆ ಲೈನಿನ ಕೊನೆಯಲ್ಲಿ ಒಂದು ಹಡ್ಲು, ಅಂದರೆ ಜೌಗು ಹುಲ್ಲುಬಯಲು. ಅಂಚಿಗೆ ಎರಡು ಹಳೇ ಹಲಸಿನ ಮರ. ಕೆಲಸ ಮುಗಿಸಿ ಯಾವಾಗಲೂ ಅಲ್ಲೇ ಕೂರುತ್ತಿದ್ದೆವು. ನೆರಳು ಚೆನ್ನಾಗಿದೆ ಅಂತ ಕೂರುತ್ತಾರೆ ಅಂದುಕೊಂಡಿದ್ದೆ. ಒಮ್ಮೆ ಅಣ್ಣ ತಾವಾಗಿಯೇ ಹೇಳಿದರು, "ಇಲ್ಲೇ ನಮ್ ಹಾಡಿ ಇದ್ದಿದ್ದು. ಆ ಕಲ್ಲು ಕಾಣ್ತದಲ್ಲ, ನಮ್ಮಜ್ಜಿ ರಾಗಿ ಬೀಸ್ತಿತ್ತು." ಹುಲ್ಲಿನೊಳಗೆ ಅರ್ಧ ಹೂತ ಬೀಸುವ ಕಲ್ಲು. ಅದರ ಕುಳಿಯಲ್ಲಿ ಮಳೆನೀರು, ನೀರಿನ ತುಂಬ ಗೊದಮೊಟ್ಟೆ. ಅವರ ಮನೆ ಈಗ ಕಾಡಿನ ಹೊರಗಿನ ಪುನರ್ವಸತಿ ಕಾಲೋನಿಯಲ್ಲಿ. ಅಜ್ಜಿ ರಾಗಿ ಬೀಸಿದ ಜಾಗಕ್ಕೆ ಅವರು ಬರುವುದು ಖಾಕಿ ಹಾಕಿಕೊಂಡು, ದಿನಗೂಲಿಗೆ.

ಕಾಡಿನ ಬದುಕಿನ ಖುಷಿ ಅಂತ ಬರೆಯುವಾಗ ಈ ಕಲ್ಲನ್ನು ಬಿಟ್ಟು ಬರೆಯುವುದಕ್ಕೆ ನನಗೆ ಆಗುವುದಿಲ್ಲ. ನಾನು ಇಲ್ಲಿಗೆ ಬಂದದ್ದು ನನ್ನ ಇಷ್ಟದಿಂದ. ಸಾಕು ಅನಿಸಿದರೆ ಹುಣಸೂರಿಗೆ ಬಸ್ಸಿದೆ, ಡಿಗ್ರಿ ಇದೆ. ಅವರು ಹೊರಗೆ ಹೋದದ್ದೂ ಪೂರ್ತಿ ಇಷ್ಟದಿಂದಲ್ಲ, ವಾಪಸ್ ಬಂದದ್ದೂ ಹೊಟ್ಟೆಪಾಡಿಗೆ. 2006ರಲ್ಲಿ ಕಾಡಿನಲ್ಲಿ ಬದುಕಿದವರ ಹಕ್ಕಿಗೆ ಅಂತ ಅರಣ್ಯ ಹಕ್ಕು ಕಾಯ್ದೆ ಬಂತು, ಅರ್ಜಿಗಳು ಇನ್ನೂ ಓಡಾಡುತ್ತಿವೆ. ಹುಲಿಗೆ ಜನರಿಲ್ಲದ ಜಾಗ ಸ್ವಲ್ಪವಾದರೂ ಬೇಕು ಅನ್ನೋದು ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ. ಹೊರಗೆ ಬಂದವರಿಗೆ ಭೂಮಿ, ಮನೆ, ಕೆಲಸ ಅಂತ ಕೊಟ್ಟ ಮಾತು ನಡೆಸದಿದ್ದರೆ ಅದು ಮೋಸ ಅನ್ನೋದೂ ನನ್ನ ಅಭಿಪ್ರಾಯವೇ. ಒಮ್ಮೆ ಸುಮ್ನೆ ಕೇಳಿದೆ, "ಅಣ್ಣ, ನಿಮಗೆ ಎಲ್ಲಿ ಖುಷಿ? ಕಾಲೋನಿಲೋ, ಕ್ಯಾಂಪಲ್ಲೋ?" ಅವರು ಸ್ವಲ್ಪ ಯೋಚನೆ ಮಾಡಿ, "ಕ್ಯಾಂಪಲ್ಲಿ ನಿದ್ದೆ ಚೆನ್ನಾಗ್ ಬತ್ತದೆ. ಕಾಲೋನಿಲಿ ಮೊಮ್ಮಕ್ಕಳವೆ," ಅಂದರು. ಎರಡೂ ತೂಕದ ಉತ್ತರಗಳು.

ಕ್ಯಾಂಪ್ ಅಂದರೆ ಕಳ್ಳಬೇಟೆ ತಡೆಯುವ ಶಿಬಿರ. ಒಂದೆರಡು ಕೋಣೆ, ಸುತ್ತ ಆನೆ ಕಂದಕ, ಮೇಲೆ ಸೋಲಾರ್, ಮೂಲೆಯಲ್ಲಿ ಗೊರಗೊರ ಅನ್ನುವ ವಾಕಿಟಾಕಿ. ವಾಚರ್‌ಗಳು ಇಲ್ಲೇ ಉಳಿದು ಗಸ್ತು ತಿರುಗುತ್ತಾರೆ. ಬೆಂಗಳೂರಿನ ನೆಂಟರು ಹೇಳುವ ನೆಮ್ಮದಿ ಇಲ್ಲಿಗೆ ಬಂದರೆ ಹೀಗಿರುತ್ತದೆ: ತಿಂಗಳಿಗೊಮ್ಮೆ ಬರುವ ರೇಷನ್, ಆಲೂಗಡ್ಡೆ ಈರುಳ್ಳಿ ಬಿಟ್ಟರೆ ಬೇರೆ ತರಕಾರಿ ಕೆಟ್ಟುಹೋಗುತ್ತದೆ. ಮುದ್ದೆ, ಹುರುಳಿ ಸಾರು. ಬೇಸಿಗೆಯಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣ ಉಣ್ಣಿ, ಕಚ್ಚಿದ ಜಾಗ ವಾರಗಟ್ಟಲೆ ತುರಿಸುತ್ತದೆ. ಮುಟ್ಟಿನ ದಿನಗಳಲ್ಲಿ ಲೈನ್ ನಡೆಯುವುದು ಹೇಗೆ ಅಂತ ನನಗೆ ಯಾವ ಸಂಶೋಧನಾ ಪುಸ್ತಕವೂ ಹೇಳಿಕೊಡಲಿಲ್ಲ. ಹೆಣ್ಣುಮಕ್ಕಳು ಇಬ್ಬರಾದ ಮೇಲೆ ಕ್ಯಾಂಪಿನ ಬಚ್ಚಲಿಗೆ ಚಿಲಕ ಬಂತು. ಅದೂ ಒಂದು ಸಾಧನೆ ಅಂತಲೇ ಲೆಕ್ಕ.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಒಣಗಿದ ಹುಲ್ಲು, ಒಣಗಿದ ಲಂಟಾನ, ಮೇಲೆ ಗಾಳಿ. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದು ಟಿವಿಯಲ್ಲಿ ಬಂತು. ಕೆಳಗೆ ನಡೆದದ್ದು ಬರಲಿಲ್ಲ. ಕೆಳಗೆ ಬೆಂಕಿ ಆರಿಸುವುದು ಈಗಲೂ ಹಸಿ ಸೊಪ್ಪಿನ ಕೊಂಬೆಯಿಂದ. ಸಾಲಾಗಿ ನಿಂತು ಬಡಿಯಬೇಕು. ಬಡಿತ ಜೋರಾದರೆ ಕಿಡಿ ಹಾರಿ ಹಿಂದೆ ಹೊತ್ತಿಕೊಳ್ಳುತ್ತದೆ, ಮೆಲ್ಲಗಾದರೆ ಆರುವುದಿಲ್ಲ. ಒತ್ತಿ ಬಡಿದು ಎಳೆಯಬೇಕು. ಮೈಸೂರು, ಬೆಂಗಳೂರಿನಿಂದ ಹುಡುಗರು ಹುಡುಗಿಯರು ಬಂದಿದ್ದರು. ನನ್ನ ಪಾಲಿಗೆ ಬಂದದ್ದು ನೀರಿನ ಕ್ಯಾನು ಹೊರುವುದು, ಮಜ್ಜಿಗೆ ಹಂಚುವುದು, ಹೊಗೆ ಕುಡಿದು ಕೂತವರ ಮುಖಕ್ಕೆ ನೀರು ಹಾಕುವುದು. ಕಣ್ಣೆದುರೇ ನಮ್ಮ ಕ್ಯಾಮೆರಾ ಕಟ್ಟುವ ಮರ ಕರಕಲಾಯಿತು. ವಿಚಿತ್ರ ಅಂದರೆ, ಆ ದಿನಗಳನ್ನು ನೆನೆದರೆ ದುಃಖದ ಜೊತೆಗೆ ಇನ್ನೊಂದೂ ಬರುತ್ತದೆ. ನಾನು ಇಲ್ಲಿ ಯಾಕಿದ್ದೇನೆ ಅನ್ನೋ ಪ್ರಶ್ನೆ ಅಷ್ಟೂ ದಿನ ಒಮ್ಮೆಯೂ ತಲೆಗೆ ಬರಲಿಲ್ಲ. ಕೈಯಲ್ಲಿ ಕ್ಯಾನ್ ಇತ್ತು, ಎದುರಿಗೆ ಬಾಯಾರಿದವರಿದ್ದರು.

ನಮ್ಮ ಕಡೆಯ ಕಾಡಿನವರ ಕಥೆಗಳನ್ನು ಹೇಳುವಾಗ ಜನ ಸಾಹಸಕ್ಕೆ ಜೋತುಬೀಳುತ್ತಾರೆ. 1997ರಲ್ಲಿ ವೀರಪ್ಪನ್ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿಯವರನ್ನು ಅಪಹರಿಸಿ 14 ದಿನ ಇಟ್ಟುಕೊಂಡದ್ದು ಎಲ್ಲರಿಗೂ ಗೊತ್ತು. ಸೀಳುನಾಯಿಗಳ ಒಂದು ಗುಂಪಿನ ಹಿಂದೆ ಅವರು ವರ್ಷಗಟ್ಟಲೆ ಕಾದು ಕೂತದ್ದನ್ನು ಯಾರೂ ಕೇಳುವುದಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ನಾಗರಹೊಳೆಯಲ್ಲಿ ಕೆಲಸ ಮಾಡಿದ, 2024ರಲ್ಲಿ ತೀರಿಕೊಂಡ ರೇಂಜರ್ ಕೆ.ಎಂ. ಚಿಣ್ಣಪ್ಪನವರ ವಿಷಯದಲ್ಲೂ ಹಾಗೇ. ಕಳ್ಳಬೇಟೆಯವರನ್ನು ಎದುರಿಸಿದ ಕಥೆಗಳೇ ಓಡಾಡುತ್ತವೆ. ಹಳೇ ವಾಚರ್‌ಗಳನ್ನು ಕೇಳಿದರೆ ಅವರು ಹೇಳುವುದು ಬೇರೆ. ಆ ಮನುಷ್ಯ ಮಳೆಯಲ್ಲೂ ನಡೆಯುತ್ತಿದ್ದರು. ದಿನಾ ನಡೆಯುತ್ತಿದ್ದರು.

ಈಚೆಗೆ ಮೆಸೇಜ್ ಮಾಡಿ ಕೇಳುವ ಹುಡುಗರು, ಹುಡುಗಿಯರು ಜಾಸ್ತಿಯಾಗಿದ್ದಾರೆ. ಕೆಲಸ ಬಿಟ್ಟು ಕಾಡಿಗೆ ಬರಬೇಕು, ಏನು ಓದಬೇಕು ಅಂತ. ಮೊದಲು ಕೆಲಸ ಬಿಡಬೇಡಿ ಅಂತ ಹೇಳುತ್ತೇನೆ. ಇಲಾಖೆಯವರು ಹುಲಿ ಅಂದಾಜಿಗೆ, ಆನೆ ಗಣತಿಗೆ ಆಗಾಗ ಸ್ವಯಂಸೇವಕರನ್ನು ಕರೆಯುತ್ತಾರೆ. ರಜೆ ಹಾಕಿ ಒಂದು ಸಲ ಬನ್ನಿ. ಪ್ರಾಣಿಶಾಸ್ತ್ರ ಓದಿರಲೇಬೇಕು ಅಂತೇನಿಲ್ಲ. ನಡೆಯುವುದಕ್ಕೆ ಬರಬೇಕು, ಬಾಯಿ ಮುಚ್ಚಿಕೊಂಡಿರಲು ಬರಬೇಕು, ಕಾಣದ್ದನ್ನು ಕಂಡೆ ಅಂತ ಬರೆಯಬಾರದು. ಕೊನೆಯದು ಅಂದುಕೊಂಡಷ್ಟು ಸುಲಭ ಅಲ್ಲ. ಇಡೀ ಬೆಳಿಗ್ಗೆ ನಡೆದು ಹಾಳೆ ಖಾಲಿ ಉಳಿದರೆ ಒಂದು ಜಿಂಕೆಯನ್ನಾದರೂ ಬರೆದುಬಿಡೋಣ ಅಂತ ಕೈ ತುರಿಸುತ್ತದೆ. ಖಾಲಿ ಹಾಳೆಯನ್ನು ಖಾಲಿಯಾಗಿಯೇ ಕೊಡುವವರು ನಮಗೆ ಬೇಕು. ಅಂಥವರಿಗೆ ಇಲ್ಲಿ ಖುಷಿಯೂ ಸಿಗಬಹುದು, ನಾನು ಗ್ಯಾರಂಟಿ ಕೊಡುವುದಿಲ್ಲ.

ಬರುವವರು ಚರಪರ ಸದ್ದು ಮಾಡುವ ಜರ್ಕಿನ್ ತರಬೇಡಿ. ಸೆಂಟ್ ಹಾಕಬೇಡಿ. ಸಾಕ್ಸ್ ಎರಡು ಜೊತೆ ಜಾಸ್ತಿ ಇರಲಿ. ಪೆನ್ನಿಗಿಂತ ಪೆನ್ಸಿಲ್ ವಾಸಿ, ಬೆಳಗಿನ ಮಂಜಿಗೆ ಶಾಯಿ ಹರಡುತ್ತದೆ. ಮನೆಯಲ್ಲಿ ಮೊದಲೇ ಹೇಳಿಬಿಟ್ಟು ಬನ್ನಿ, ಫೋನ್ ಸಿಗಲ್ಲ ಅಂತ. ಎರಡು ದಿನ ಫೋನ್ ಸಿಗಲಿಲ್ಲ ಅಂತ ಮಗಳನ್ನು ಹುಡುಕಿಕೊಂಡು ಬೈಕಿನಲ್ಲಿ ಬಂದು ಚೆಕ್‌ಪೋಸ್ಟ್ ಗೇಟಿನಲ್ಲಿ ಜಗಳಕ್ಕೆ ನಿಂತ ಅಪ್ಪಂದಿರನ್ನು ಗಾರ್ಡ್‌ಗಳು ಸಾಕಷ್ಟು ನೋಡಿದ್ದಾರೆ. ಅದರಲ್ಲಿ ನಮ್ಮಪ್ಪನೂ ಒಬ್ಬರು.